ಹೆಚ್ಚಿದ ಬ್ಯಾಟರಿ

ಹದಿನಾಲ್ಕೂವರೆ ಸಾವಿರ ರೂಪಾಯಿ. ಹತ್ತೊಂಬತ್ತು ಹೇಳಿದ್ದನ್ನು, ಅಂಗಡಿಯಿಂದ ಎರಡು ಸಲ ಎದ್ದು ಹೊರಟಂತೆ ಮಾಡಿ, ಮೂರನೆಯ ಸಲ ನಿಜವಾಗಿಯೇ ಮೆಟ್ಟಿಲಿಳಿದು, ಅಷ್ಟಕ್ಕೆ ತಂದು ನಿಲ್ಲಿಸಿದೆ. ಆ ದುಡ್ಡಿಗೆ ಕೈಗೆ ಬಂದದ್ದು ಊಟದ ಡಬ್ಬಿಗಿಂತ ಸಣ್ಣದಾದ ಒಂದು ಪೆಟ್ಟಿಗೆ. ಕಾರಿನ ಕಂಪ್ಯೂಟರ್ ಎಂದು ಅದನ್ನು ಕರೆಯುತ್ತಾರೆ. ಹಳೆಯದು ಸುಟ್ಟುಹೋಗಿತ್ತು. ಯಾಕೆ ಸುಟ್ಟಿತು ಎಂದು ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ಒಂದು ಶಬ್ದದಿಂದ. ಜನ ನಗುತ್ತಾರೆ. ನೀವು ನಗುವ ಮೊದಲು ಸ್ವಲ್ಪ ಹೊತ್ತು ಕೂತು ಕೇಳಿ. ನಾನು ಕೊಟ್ಟ ಬೆಲೆಯನ್ನು ನೀವೂ ಕೊಡಬೇಕಾಗಿಲ್ಲ.

ಸುಟ್ಟ ಪೆಟ್ಟಿಗೆಯನ್ನು ನಾನು ಎಸೆದಿಲ್ಲ. ಗುಜರಿಯವನಿಗೂ ಕೊಡದೆ ಅಂಗಡಿಯ ಗಾದಿಯ ಮೇಲೆ ಕತ್ತರಿಯ ಪಕ್ಕದಲ್ಲಿ ಇಟ್ಟಿದ್ದೇನೆ. ಫ್ಯಾನಿನ ಗಾಳಿಗೆ ಚೀಟಿಗಳು ಹಾರದಂತೆ ಅದು ಭಾರಕ್ಕೆ ಕೂತಿದೆ. ಒಂದು ಕಾಲಕ್ಕೆ ಇಡೀ ಕಾರನ್ನು ಓಡಿಸುತ್ತಿದ್ದದ್ದು ಈಗ ಕಾಗದ ಒತ್ತಿ ಹಿಡಿಯುವ ಕೆಲಸಕ್ಕೆ ಬಂದದ್ದನ್ನು ನೋಡಿದಾಗ, ಮನುಷ್ಯರ ವಿಷಯದಲ್ಲಿ ಬರಬಾರದ ಕೆಲವು ಯೋಚನೆಗಳು ಬರುತ್ತವೆ. ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ರಬಕವಿಯವಳು, ಸೀರೆ ಮಾರುವುದು ನನ್ನ ಕಸುಬು. ನೇಯುವವರ ಊರಿನಲ್ಲಿ ಸೀರೆ ಮಾರುವುದೆಂದರೆ ಹೊಳೆಯ ದಂಡೆಯ ಮೇಲೆ ಕೂತು ನೀರು ಮಾರಿದಂತೆ. ಆದ್ದರಿಂದ ನನ್ನ ಗಿರಾಕಿಗಳೆಲ್ಲ ಹೊರಗಿನವರು: ಜಮಖಂಡಿಯ ನೌಕರಿದಾರರ ಮನೆಗಳು, ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಗಳ ಹೆಂಡಂದಿರು, ಮುಧೋಳ ಬೀಳಗಿಗಳ ಕಡೆ ಮದುವೆ ಗೊತ್ತಾದ ಮನೆಗಳು. ಗಂಡ ತೀರಿಕೊಂಡ ಮೇಲೆ ಹೆಗಲ ಮೇಲೆ ಗಂಟು ಹೊತ್ತು ಬಸ್ಸಿನಲ್ಲಿ ಶುರುಮಾಡಿದ ವ್ಯಾಪಾರ ಗಂಟಿನಿಂದ ಚೀಲಕ್ಕೆ, ಚೀಲದಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಒಂದು ಸಣ್ಣ ಅಂಗಡಿಗೆ ಬೆಳೆದು, ಕೊನೆಗೆ ಒಂದು ಸೆಕೆಂಡ್‌ಹ್ಯಾಂಡ್ ಬಿಳಿ ಕಾರಿನ ತನಕ ಬಂತು. ಹರೆಯ ದಾಟಿದ ಎಷ್ಟೋ ವರ್ಷಗಳ ಮೇಲೆ ಸ್ಟೇರಿಂಗು ಹಿಡಿದು ಮೊದಲ ಸಲ ಓಣಿಯಲ್ಲಿ ಬಂದಾಗ, ಕಟ್ಟೆಯ ಮೇಲೆ ಕೂತ ಗಂಡಸರೆಲ್ಲ ಎದ್ದು ನಿಂತು ದಾರಿ ಬಿಟ್ಟರು. ಗೌರವ ಅಂದುಕೊಂಡು ಬೀಗಿದೆ. ಜೀವಭಯ ಎಂದು ತಿಳಿದದ್ದು ಆಮೇಲೆ.

ಇನ್ನು ಆ ಶಬ್ದದ ವಿಷಯ. ನಮ್ಮ ಕಡೆಯ ಮನೆಗಳಲ್ಲಿ ಕೆಲವು ಮಾತುಗಳನ್ನು ಹೊಸ್ತಿಲೊಳಗೆ ಆಡುವಂತಿಲ್ಲ. ಡಬ್ಬಿಯಲ್ಲಿ ಅಕ್ಕಿ ತೀರಿದರೆ ತೀರಿತೆನ್ನಬಾರದು, ‘ಅಕ್ಕಿ ಹೆಚ್ಚ್ಯಾವ’ ಎನ್ನಬೇಕು. ಬಳೆ ಒಡೆದರೆ ಅದು ಒಡೆದದ್ದಲ್ಲ, ಹೆಚ್ಚಿದ್ದು. ದೇವರ ಮುಂದಿನ ದೀಪವನ್ನು ನಮ್ಮವ್ವ ಎಂದೂ ಆರಿಸಲಿಲ್ಲ, ಹೆಚ್ಚಿಸಿದಳು. ಪಕ್ಕದ ಮರಾಠಿ ಮಾತಿನ ಮನೆಗಳಲ್ಲೂ ಇದೇ ರೂಢಿ. ಅವರು ಸಂಜೆಗೆ ಅಂಗಡಿ ಮುಚ್ಚುವುದಿಲ್ಲ, ‘ಬೆಳೆಸುತ್ತಾರೆ’. ಇಲ್ಲವೆಂಬುದಕ್ಕೆ ಇದೆಯೆಂಬುದರ ಅಂಗಿ ತೊಡಿಸಿ ಹೊರಗೆ ಕಳಿಸುವ ಈ ಜಾಣತನವನ್ನು ಯಾವ ಅಜ್ಜಿ ಕಂಡುಹಿಡಿದಳೋ ಕಾಣೆ, ವ್ಯಾಪಾರಕ್ಕೆ ಮಾತ್ರ ಅದರಷ್ಟು ಒದಗುವುದು ಬೇರೊಂದಿಲ್ಲ. ಗಿರಾಕಿ ಕೇಳಿದ ಬಣ್ಣ ಇಲ್ಲದಿದ್ದಾಗ ‘ಇಲ್ಲ’ ಎಂದವನ ಅಂಗಡಿಗೆ ಜನ ಮತ್ತೆ ಬರುವುದಿಲ್ಲ. ನಾನು, “ಗಿಳಿಹಸರ ನಿನ್ನೇನ ಹೆಚ್ಚಿತ್ರಿ, ನಾಡದ ಬರತೈತಿ, ಅಲ್ಲೀತನಕಾ ಈ ಎಲಿಹಸರ ಒಂದೀಟ ಮೈಮ್ಯಾಲ ಹಾಕ್ಕೊಂಡ ನೋಡ್ರಿ” ಎನ್ನುತ್ತೇನೆ. ಎಲೆಹಸಿರು ಹೋಗುತ್ತದೆ, ಗಿಳಿಹಸಿರನ್ನು ಮರೆಯುತ್ತಾರೆ.

ಆದರೆ ಶಬ್ದಕ್ಕೂ ಸೀರೆಯ ಹಾಗೆ ಒಂದು ಒಳಮೈ ಇದೆ. ಗಂಡ ಹೋದ ದಿನ ನನ್ನ ಎರಡೂ ಕೈ ಹಿಡಿದು ಕೂಡಿಸಿಕೊಂಡ ಹೆಂಗಸರಲ್ಲಿ ಒಬ್ಬ ಹಿರಿಯಳು ಮೆಲ್ಲಗೆ, “ಬಳಿ ಹೆಚ್ಚಸ್ರೆವ್ವಾ” ಅಂದಳು. ಹಸಿರು ಗಾಜು ನೆಲದ ಮೇಲೆ ಬಿತ್ತು. ಕೈ ಬರಿದಾದ ಆ ಗಳಿಗೆಯಲ್ಲಿ ನೆರೆದವರೆಲ್ಲ ಆಡಿದ್ದು ಹೆಚ್ಚುವ ಮಾತನ್ನೇ. ಅವತ್ತಿನಿಂದ ಆ ಶಬ್ದ ನನ್ನ ನಾಲಿಗೆಯ ಮೇಲೆ ಠಿಕಾಣಿ ಹೂಡಿತು. ಬರಿದಾದದ್ದನ್ನೆಲ್ಲ ಹೆಚ್ಚಿತು ಎಂದು ಹೇಳುತ್ತಾ ಹೇಳುತ್ತಾ, ಊರಿನವರ ಕಣ್ಣಿಗೆ ನಾನು ನಿಜವಾಗಿಯೂ ಹೆಚ್ಚಿದವಳಾದೆ. ‘ಕಮಲಕ್ಕಗ ಏನ ಕಡಿಮಿ ಐತಿ’ ಎಂಬುದು ನಮ್ಮ ಓಣಿಯ ಗಾದೆಮಾತಾಗಿ ಹೋಯಿತು. ಕಡಿಮೆಯಿಲ್ಲದವರ ಮನೆಗೆ ಯಾರೂ ಏನೂ ಹಿಡಿದುಕೊಂಡು ಬರುವುದಿಲ್ಲ. ಒಂದು ಬಟ್ಟಲು ಸಾರನ್ನೂ ತರುವುದಿಲ್ಲ, ಒಂದು ತಾಸಿನ ಮಾತನ್ನೂ ತರುವುದಿಲ್ಲ.

ಒಬ್ಬಳು ಮಾತ್ರ ತರುತ್ತಿದ್ದಳು, ಚನ್ನವ್ವ. ಹಿತ್ತಲ ಗೋಡೆಯ ಆಚೆಗಿನ ಮನೆಯವಳು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಕೆಲಸ ಬಿಟ್ಟು, ನಾನು ಗಂಟು ಹೊತ್ತ ಮೊದಲ ವರ್ಷದಿಂದಲೇ ಗಂಟಿನ ಇನ್ನೊಂದು ತುದಿ ಹಿಡಿದವಳು. ಕಾರು ಬಂದ ಮೇಲೆ ಎಡಗಡೆಯ ಸೀಟು ಅವಳದಾಯಿತು. ಗಿರಾಕಿಯ ಮನೆಯ ಪಡಸಾಲೆಯಲ್ಲಿ ನಾನು ಸೀರೆ ಬಿಚ್ಚಿ, ಕೊನೆಯ ದರ ಹೇಳಬೇಕೆನ್ನುವಷ್ಟರಲ್ಲಿ ಅವಳು ಹಣೆ ಬಡಿದುಕೊಂಡು, “ಅಯ್ಯ, ಅಷ್ಟಕ್ಕ ಕೊಡಬ್ಯಾಡ ಬೇ, ಮನೀ ಮುಳಗತೈತಿ!” ಎಂದು ಕೂಗುವಳು, ಗಿರಾಕಿ ಆ ಕೂಗಿಗೇ ಕರಗಿ ಸೆರಗಿನ ಗಂಟು ಬಿಚ್ಚುವಳು. ವಾಪಸು ಬರುವಾಗ ದಾರಿಯುದ್ದಕ್ಕೂ ಇಬ್ಬರೂ ನಕ್ಕದ್ದೇ ನಕ್ಕದ್ದು. ಅವಳಿಗೆ ಸೀಟಿನ ಪಟ್ಟಿ ಕಂಡರಾಗದು. ಎಮ್ಮೆಗೆ ಹಗ್ಗ ಹಾಕಿದಂತೆ ಕಟ್ಟುತ್ತೀಯಲ್ಲೇ ಎಂದು ಪ್ರತಿದಿನ ಬೈದು ಪ್ರತಿದಿನ ಕಟ್ಟಿಸಿಕೊಳ್ಳುವಳು.

ಹೋದ ಎರಡು ವರ್ಷಗಳಿಂದ ಚನ್ನವ್ವ ಮಿರಜಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಮಗಳು ನೌಕರಿಗೆ ಹೋಗುತ್ತಾಳೆ, ಮೊಮ್ಮಗಳನ್ನು ನೋಡಿಕೊಳ್ಳುವವರು ಬೇಕು, ನ್ಯಾಯವಾದದ್ದೇ. ವಾರಕ್ಕೊಮ್ಮೆ ಫೋನು. “ಹೆಂಗದೀ ಬೇ?” ಎಂದು ಅವಳು ಕೇಳುವಳು. “ನನಗೇನ ಕಡಿಮಿ? ಎಲ್ಲಾ ಹೆಚ್ಚೈತಿ” ಎಂದು ನಾನು ನಗುವೆ. ಆ ಕಡೆಯಿಂದ ಅವಳೂ ನಗುವಳು. ಫೋನು ಇಟ್ಟ ಮೇಲೆ ಅಂಗಡಿಯ ಬಾಗಿಲು ಎಳೆದು ಮನೆಗೆ ಹೋದರೆ, ಮಾತಾಡಲು ಗೋಡೆಯ ಆಚೆ ಯಾರೂ ಇಲ್ಲ. ನಮ್ಮೂರಿನಲ್ಲಿ ಹಗಲೆಲ್ಲ ಪಾವರ್‌ಲೂಮಿನ ಖಟಖಟ ಇರುತ್ತದೆ, ಹುಟ್ಟಿದಾಗಿನಿಂದ ಕೇಳಿ ನಮಗದು ಕೇಳಿಸುವುದೇ ಇಲ್ಲ. ಕರೆಂಟು ಹೋದಾಗಷ್ಟೇ, ಊರಿಗೆ ಊರೇ ಉಸಿರು ಹಿಡಿದಂತೆ ನಿಂತು, ಅಷ್ಟು ಹೊತ್ತು ಏನಿತ್ತು ಎಂಬುದು ಗೊತ್ತಾಗುತ್ತದೆ. ಚನ್ನವ್ವ ಹೋದದ್ದು ಹಾಗೆ.

ಅವಳು ಹೋದ ಮೇಲೆ ಕಾರಿನ ಓಡಾಟವೂ ಇಳಿಯಿತು. ಎಡಗಡೆ ಖಾಲಿ ಸೀಟು ಇಟ್ಟುಕೊಂಡು ಮುಧೋಳದ ತನಕ ಹೋಗಿ ಬರುವ ಮನಸ್ಸಾಗದು. ಓಣಿಯಿಂದ ಅಂಗಡಿ, ಅಂಗಡಿಯಿಂದ ಸಂತೆ, ಅಷ್ಟೇ. ಬ್ಯಾಟರಿಯ ಗುಣ ನಿಮಗೆ ಗೊತ್ತಿರಲಿ: ಕಾರು ನಿಂತಿದ್ದರೂ ಒಳಗೆ ಗಡಿಯಾರ, ಬಾಗಿಲಿನ ಬೀಗ, ಅದು ಇದು ಎಂದು ಚೂರುಚೂರು ಕರೆಂಟು ಹೀರುತ್ತಲೇ ಇರುತ್ತವೆ. ಚಾಲೂ ಮಾಡಿದಾಗ ಖರ್ಚಾದದ್ದು ತುಂಬಬೇಕಾದರೆ ಕಾರು ಅರ್ಧ ತಾಸಾದರೂ ಓಡಬೇಕು. ಗಿಡ್ಡ ದಾರಿ ಓಡಿಸಿ ಓಡಿಸಿ ನಿಲ್ಲಿಸಿದರೆ ಜಮೆಗಿಂತ ಖರ್ಚು ಜಾಸ್ತಿ. ಮೇಲೆ ನೋಡಿದರೆ ಬಿಳಿ ಕಾರು ತೊಳೆದಿಟ್ಟ ಹಾಗೆ ಹೊಳೆಯುತ್ತಿರುತ್ತದೆ, ಒಳಗಿನದು ಯಾರಿಗೆ ಕಾಣಬೇಕು?

ಹೀಗಿರುವಾಗ ಒಂದು ದಿನ ಚನ್ನವ್ವನ ಫೋನು ಬಂತು. ಜಮಖಂಡಿಯಲ್ಲಿ ಅವಳ ಬೀಗರ ಕಡೆಯ ಮದುವೆ. ಮಿರಜಿನವರೆಲ್ಲ ಒಂದು ಟೆಂಪೊ ಮಾಡಿಕೊಂಡು ಮುಂಜಾನೆ ಬಂದು, ಊಟ ಮುಗಿಸಿ ಮಧ್ಯಾಹ್ನವೇ ವಾಪಸು. “ಅಕ್ಕಿಕಾಳ ಬಿದ್ದಕೂಡಲೇ ನಾ ಕೈ ತೊಳಕೊಂಡ ಬಾಗಲಕ ನಿಂದರತೇನಿ, ನೀ ಕಾರ ತಗೊಂಡ ಬಾ ಬೇ. ನಮ್ಮ ಓಣಿ ಒಂದ ಸಲ ನೋಡಿ, ನಿನ್ನ ಕೈಯಾಗಿನ ಚಾ ಕುಡದ, ಟೆಂಪೊ ಹೊರಡೂದ್ರಾಗ ವಾಪಸ ಬಿಡವಂತಿ.” ನಾನು ಒಪ್ಪಿಕೊಂಡೆ. ಒಪ್ಪಿಕೊಂಡವಳ ಮನಸ್ಸಿನಲ್ಲಿ ಚಹಾ ಇರಲಿಲ್ಲ. ಎಡಗಡೆಯ ಸೀಟಿನಲ್ಲಿ ಅವಳನ್ನು ಕೂಡಿಸಿಕೊಂಡು, ಕಣ್ಣು ರಸ್ತೆಯ ಮೇಲಿಟ್ಟು, ಮುಖ ನೋಡದೆ ಕೇಳಬೇಕಾದ ಒಂದು ಮಾತಿತ್ತು: ವಾಪಸು ಬಂದುಬಿಡು ಎಂದು. ಎದುರು ನಿಂತು ಇಂಥದ್ದನ್ನು ಕೇಳುವ ಧೈರ್ಯ ನನಗಿಲ್ಲ. ಕಾರಿನಲ್ಲಾದರೆ ಇಬ್ಬರೂ ಮುಂದೆ ನೋಡುತ್ತಿರುತ್ತೇವೆ. ಈ ಸಲ ತಪ್ಪಿದರೆ ಅವಳು ಮತ್ತೆ ಈ ಕಡೆ ಬರುವುದು ಯಾವಾಗಲೋ ಏನೋ.

ಮದುವೆಯ ದಿನ ಹೊಸ ಸೀರೆಯೊಂದನ್ನು ಅವಳಿಗೆಂದು ಪೊಟ್ಟಣ ಕಟ್ಟಿ, ಹಿಂದಿನ ಸೀಟಿನಲ್ಲಿಟ್ಟು, ಕೀಲಿ ತಿರುಗಿಸಿದೆ. ‘ಗುರ್’ ಎಂದು ಅರ್ಧಕ್ಕೆ ಕೊಸರಿ, ಆಮೇಲೆ ಬರೀ ಟಿಕ್ ಟಿಕ್ ಟಿಕ್. ಗಾಬರಿಯಲ್ಲಿ ಈರಣ್ಣನಿಗೆ ಫೋನು ಹಚ್ಚಿದೆ. ಈರಣ್ಣ ಎದುರು ಮನೆಯವನು, ನನಗಿಂತ ಚಿಕ್ಕವನು, ಪಾವರ್‌ಲೂಮಿನ ಶೆಡ್ಡಿನ ಮಾಲೀಕ. ಮೋಟರು, ವಾಯರು, ಸ್ವಿಚ್ಚು ಎಂದರೆ ಕರೆಯದಿದ್ದರೂ ಬರುವವನು. ಅವತ್ತು ಬನಹಟ್ಟಿಗೆ ಹೋಗಿದ್ದ.

“ಈರಣ್ಣಾ, ಎಲ್ಲಿದೀಯೋ? ಕಾರಿನ ಬ್ಯಾಟರಿ ಹೆಚ್ಚೈತಿ ನೋಡ, ಚಾಲೂನ ಆಗವಲ್ದು.”

“ಹೆಚ್ಚೈತೇನ್ರಿ ಅಕ್ಕಾರ? ಅದಕ್ಕೇನ ಅಂಜತೀರಿ, ನಮ್ಮ ಮಗ್ಗಕ್ಕೂ ಹಿಂಗ ಆಗತೈತಿ. ಮುಂದಿನ ಲೈಟ್ ಹಚ್ಚಿ ಬಿಡ್ರಿ, ಫ್ಯಾನ್ ಹಚ್ರಿ, ರೇಡಿಯೋ ಹಚ್ರಿ. ನಾ ಬರೂದ್ರಾಗ ಇಳದಿರತೈತಿ.”

“ಹಚ್ಚಿದ್ರ ಇಳೀತೈತೇನೋ?”

“ಇಳೀಲಾರದ ಎಲ್ಲಿ ಹೋಗತೈತ್ರಿ!”

ಇಳಿಯುವುದೆಂದರೆ ತೊಂದರೆ ಇಳಿಯುವುದು ಎಂದು ನಾನು ತಿಳಿದೆ. ಅವನು ಹೇಳಿದ್ದನ್ನೆಲ್ಲ ಹಚ್ಚಿದೆ. ಎದುರಿನ ಗೋಡೆಯ ಮೇಲೆ ಲೈಟು ಅರಿಶಿಣ ಹಚ್ಚಿದ ಹಾಗೆ ಮಂಕಾಗಿ ಬಿತ್ತು. ರೇಡಿಯೋದಲ್ಲಿ ಪೇಟೆಯ ಧಾರಣೆ ಹೇಳುತ್ತಿದ್ದರು. ಗೋವಿನಜೋಳ, ಕಡಲೆ ಎಲ್ಲ ಆಗಿ ಉಳ್ಳಾಗಡ್ಡಿಯ ದರಕ್ಕೆ ಬರುವ ಹೊತ್ತಿಗೆ ದನಿ ತೊದಲಿ ನಿಂತಿತು. ಕಾರಿನಲ್ಲಿ ಉಳಿದಿದ್ದ ಚೂರುಪಾರು ಜೀವವನ್ನು ನನ್ನ ಕೈಯಾರೆ ಸೋಸಿ ತೆಗೆದು, ಬೆಲ್ಲ ಕಾಯಿಸಿ ಇಳಿಸಿದವಳ ಹಾಗೆ ಸಮಾಧಾನದಿಂದ ಕಟ್ಟೆಯ ಮೇಲೆ ಕೂತಿದ್ದೆ.

ಈರಣ್ಣ ಬಂದ. “ಇಳಿತೇನ್ರಿ?”

“ಪೂರಾ ಇಳಿತು ನೋಡಪಾ.”

ಅವನು ಕೀಲಿ ತಿರುಗಿಸಿದ. ಟಿಕ್ ಎಂಬುದೂ ಇಲ್ಲ. ಬಾನೆಟ್ಟು ತೆರೆದ, ಮುಚ್ಚಿದ, ಮತ್ತೆ ತೆರೆದ. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕಾರ, ನೀವು ಹೆಚ್ಚೈತಿ ಅಂದ್ರಲ್ರಿ?”

“ಹೂಂ ಮತ್ತ. ಹೆಚ್ಚೈತಿ ಅಂದ್ರ ಖಾಲಿ ಆಗೈತಿ ಅಂತ. ನಿಮ್ಮವ್ವ ಅಕ್ಕಿ ಹೆಚ್ಚ್ಯಾವ ಅಂದ್ರ ನೀ ಏನ ಚೀಲ ಹೊತಗೊಂಡ ಮಾರಾಕ ಹೋಗತೀಯೇನೋ?”

“ಅಡಗಿಮನೀ ಮಾತ ತಂದ ಬಾನೆಟ್ಟಿನ್ಯಾಗ ಇಟ್ಟರ ಹೆಂಗ್ರಿ! ನಮ್ಮ ಶೆಡ್ಡಿನ್ಯಾಗ ಕರೆಂಟ್ ಹೆಚ್ಚೈತಿ ಅಂದ್ರ ಹೆಚ್ಚೈತಿ ಅಂತನ. ಮೋಟರ್ ಸುಡೂದ ಅದಕ್ಕ.”

ಅವನ ಮಾತೂ ಖರೆ. ಒಂದೇ ಓಣಿ, ಒಂದೇ ಭಾಷೆ, ನಡುವೆ ಹತ್ತು ಹೆಜ್ಜೆ. ಆ ಕಡೆಗೆ ಹೆಚ್ಚೆಂದರೆ ಸುಡುವಷ್ಟು, ಈ ಕಡೆಗೆ ಹೆಚ್ಚೆಂದರೆ ಏನೂ ಇಲ್ಲದಷ್ಟು. ಅಲ್ಲಿಗೆ ನಿಂತಿದ್ದರೆ ಈ ಕಥೆ ನಗೆಯಲ್ಲಿ ಮುಗಿಯುತ್ತಿತ್ತು, ನನ್ನ ಖರ್ಚು ಒಂದು ಕಪ್ ಚಹಾಕ್ಕೆ ಮುಗಿಯುತ್ತಿತ್ತು. ಡಿಕ್ಕಿಯಲ್ಲಿ, ಒಂದು ಗಾಡಿಯ ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟು ಕೊಡುವ ಜಂಪರ್ ವಾಯರು ಇತ್ತು. ಈರಣ್ಣ, “ಓಣೀ ತುದಿ ಮಾಸ್ತರ ಕಾರ ತರಸೂಣೇನ್ರಿ? ನಿಮ್ಮಷ್ಟ ಐತಿ” ಅಂದ.

ಮಾಸ್ತರರ ಕಾರು ನನ್ನದರ ಅಳತೆಯದೇ. ಅವರನ್ನು ಕರೆದು, ಅವರು ಸ್ನಾನ ಮುಗಿಸಿ, ಕೀಲಿ ಹುಡುಕಿ ಬರುವಷ್ಟರಲ್ಲಿ ಅಕ್ಕಿಕಾಳು ಬಿದ್ದು ಮುಹೂರ್ತವೇ ಮುಗಿದುಹೋಗುತ್ತದೆ. ಅದೇ ಹೊತ್ತಿಗೆ ಈರಣ್ಣನ ಶೆಡ್ಡಿನ ಮುಂದೆ ನೂಲಿನ ಗಂಟು ಇಳಿಸಲು ಬಂದ ಲಾರಿ ನಿಂತಿತ್ತು. ಚೌಕಾಸಿ ಮಾಡಿ ಬದುಕಿದವಳ ಕಣ್ಣು ನೋಡಿ: ಅದೇ ಬೆಲೆಗೆ ದೊಡ್ಡದು ಸಿಗುವಾಗ ಸಣ್ಣದನ್ನು ಎತ್ತಿಕೊಂಡು ಬಂದ ಒಂದು ದಿನವೂ ನನ್ನ ಬಾಳಿನಲ್ಲಿಲ್ಲ.

“ಅದೇನ ಸಣ್ಣದ ಕೇಳತಿ? ಇಲ್ಲೇ ನಿಂತೈತಲ್ಲೋ ಆನಿಯಂಥಾದ್ದು!”

ಡ್ರೈವರು ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ, “ತಗೋರಿ ಅಕ್ಕಾರ, ಕರೆಂಟೇನ ನಮ್ಮಪ್ಪಂದ?” ಎಂದು ಲಾರಿಯನ್ನು ಹತ್ತಿರ ತಂದ. ಈರಣ್ಣ ಬಗ್ಗಿ ನೋಡಿ, “ಇದಕ ಎರಡ ಬ್ಯಾಟರಿ ಅದಾವ್ರಿ” ಅಂದ. ಅವನ ದನಿಯಲ್ಲಿ ಒಂದು ಅನುಮಾನವಿತ್ತು, ನಾನದನ್ನು ಅಲ್ಲಿಯೇ ಮುರಿದೆ: “ಛಲೋನ ಆತು. ಒಂದ ಕೇಳಿದ್ರ ಎರಡ ಸಿಕ್ಕವು.”

ಲಾರಿಯ ಎಂಜಿನ್ನು ಗುಡುಗುತ್ತಿತ್ತು. ಗಡಿಬಿಡಿಯಲ್ಲಿ ನನ್ನ ಕಾರಿನ ಲೈಟು, ಫ್ಯಾನು, ರೇಡಿಯೋ ಯಾವುದನ್ನೂ ಯಾರೂ ಬಂದ್ ಮಾಡಿರಲಿಲ್ಲ. ಕೆಂಪು ಕ್ಲಿಪ್ಪು ಹಾಕಿದ್ದಾಯಿತು, ಕೊನೆಯ ಕರಿ ಕ್ಲಿಪ್ಪು ತಾಗಿಸಿದ್ದೇ ತಡ, ಚಟಾರನೆ ಕಿಡಿ ಹಾರಿ, ಎದುರಿನ ಗೋಡೆ ಮಧ್ಯಾಹ್ನದ ಬಿಸಿಲು ಬಿದ್ದಂತೆ ಬೆಳ್ಳಗೆ ಬೆಳಗಿತು. ರೇಡಿಯೋ ಒಂದೇ ಒಂದು ಅಕ್ಷರ ಕಿರುಚಿತು. ಮರುಗಳಿಗೆಯಲ್ಲಿ ಎರಡೂ ಲೈಟು ಹೋದವು, ದನಿ ಹೋಯಿತು, ಸುಟ್ಟ ಪ್ಲಾಸ್ಟಿಕ್ಕಿನ ಕಮಟು ವಾಸನೆ ಬಂತು. ದೀಪ ಹೆಚ್ಚಿತು, ನನ್ನ ಮಾತಿನಲ್ಲೂ ಈರಣ್ಣನ ಮಾತಿನಲ್ಲೂ ಒಟ್ಟಿಗೇ ಹೆಚ್ಚಿತು. ಆ ಎರಡು ಅರ್ಥಗಳು ಕೂಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಲೆಕ್ಕ ಸರಳ. ನಮ್ಮ ಸಣ್ಣ ಕಾರುಗಳದ್ದು ಹನ್ನೆರಡು ವೋಲ್ಟು. ಲಾರಿಗೆ ಅಂಥ ಎರಡನ್ನು ಒಂದರ ಬೆನ್ನಿಗೆ ಒಂದು ಜೋಡಿಸಿರುತ್ತಾರೆ, ಒಟ್ಟು ಇಪ್ಪತ್ನಾಲ್ಕು. ಎಂಜಿನ್ನು ಓಡುವಾಗ ಇನ್ನೂ ಮೇಲೆ. ಹನ್ನೆರಡಕ್ಕೆ ಹುಟ್ಟಿದ ಬಲ್ಬು, ಹನ್ನೆರಡಕ್ಕೆ ಹುಟ್ಟಿದ ಕಂಪ್ಯೂಟರಿನ ಬಾಯಿಗೆ ನಾವು ಅದರ ಎರಡರಷ್ಟನ್ನು ಸುರುವಿದ್ದೆವು. ನಾನು ಅವತ್ತು ಹಣೆ ಹಿಡಿದುಕೊಂಡು ಅದೇ ಕಟ್ಟೆಯ ಮೇಲೆ ಕೂತೆ. ಕಾರು ಕೆಟ್ಟ ದುಃಖ ಅಲ್ಲಿ ಇರಲಿಲ್ಲವೆಂದರೆ ನಂಬಿ. ಜಮಖಂಡಿಯ ಬಾಗಿಲಲ್ಲಿ ಕೈ ತೊಳೆದುಕೊಂಡು ನಿಂತವಳ ಚಿತ್ರವೊಂದೇ ಕಣ್ಣಿಗೆ ಕಟ್ಟಿತ್ತು.

ಪೊಟ್ಟಣ ಎತ್ತಿಕೊಂಡು ಬಸ್ಸಿಗೆ ಓಡಿದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸು, ನಿಂತೇ ಪ್ರಯಾಣ, ಹೆಗಲಿಗೆ ಹಳೆಯ ಗಂಟಿನ ನೆನಪು. ಕಾರು ಕೊಂಡ ಮೇಲೆ ನಾನು ಆ ಬಸ್ಸು ಹತ್ತಿರಲಿಲ್ಲ; ಕಂಡಕ್ಟರು, “ಏನ್ರಿ ಅಕ್ಕಾರ, ಕಾರಿನವರ ಬಸ್ಸಿಗೆ ಬಂದೀರಿ?” ಎಂದಾಗ ಟಿಕೀಟಿನ ದುಡ್ಡು ಎಣಿಸಿ ಅವನ ಕೈಗಿಟ್ಟೆ. ಮದುವೆಯ ಮಂಗಲ ಕಾರ್ಯಾಲಯಕ್ಕೆ ಮುಟ್ಟುವ ಹೊತ್ತಿಗೆ ಊಟದ ಎಲೆಗಳನ್ನು ಎತ್ತಿಯಾಗಿತ್ತು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಬಾಗಿಲ ಹೊರಗೆ ಟೆಂಪೊ, ಅದರಲ್ಲಿ ತುಂಬಿದ ಮಿರಜಿನವರು. ಪೇರಿಸದೆ ಉಳಿದ ಒಂದೇ ಕುರ್ಚಿಯ ಮೇಲೆ ಚನ್ನವ್ವ.

“ಬಂದಿಯೇನ ಬೇ ಮಹಾರಾಣಿ? ಕಾರ ತರತೇನಿ ಅಂದಾಕಿ ಬಸ್ಸಿನ ಧೂಳ ಹೊತಗೊಂಡ ಬಂದಿ?”

“ಕಾರ ಸುಟ್ಟಿತ.”

“ಅಯ್ಯ! ನೀ?”

“ನಾ ಸುಡಲಿಲ್ಲ. ಇಲ್ಲೇ ನಿಂತೇನಿ, ನೋಡ.”

ಅವಳು ನೋಡಿದಳು. ಎರಡು ವರ್ಷದಲ್ಲಿ ತೆಳ್ಳಗಾಗಿದ್ದಳು, ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. “ಹೆಂಗದೀ? ಖರೆ ಹೇಳ.”

“ನನಗೇನ ಕಡಿಮಿ? ಎಲ್ಲಾ...” ಎಂದು ನಾಲಿಗೆ ತನ್ನ ಹಳೆಯ ದಾರಿಯಲ್ಲಿ ಹೊರಟೇಬಿಟ್ಟಿತು. ಮುಂಜಾನೆ ಆ ಶಬ್ದ ಮಾಡಿದ ಅನಾಹುತ ಮೂಗಿನಲ್ಲಿ ಇನ್ನೂ ವಾಸನೆಯಾಗಿ ಉಳಿದಿತ್ತು, ಅಲ್ಲಿಗೇ ತಡೆದೆ. “ಖಾಲಿ ಆಗೈತಿ ಬೇ ಚನ್ನವ್ವಾ,” ಎಂದೆ. “ಸಂಜೀಕ ಬಾಗಲಾ ಹಾಕಿದ ಮ್ಯಾಲ ಮಾತಾಡಾಕ ಒಂದ ಜೀವ ಇಲ್ಲ. ವಾಪಸ ಬಂದಬಿಡ.”

ಕಾರಿನಲ್ಲಿ ಮುಖ ನೋಡದೆ ಕೇಳಬೇಕೆಂದಿದ್ದ ಮಾತನ್ನು, ಪೇರಿಸಿದ ಕುರ್ಚಿಗಳ ನಡುವೆ ಮುಖ ನೋಡಿಯೇ ಕೇಳಿಬಿಟ್ಟಿದ್ದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು, ಕಂಡಿಕೆ ಸುತ್ತಿದವರ ಬೆರಳು ಸುಮ್ಮನಿರುವುದಿಲ್ಲ.

“ಎರಡ ವರ್ಷ ಆತು ನೀ ಫೋನಿನ್ಯಾಗ ಎಲ್ಲಾ ಹೆಚ್ಚೈತಿ ಅನ್ನಾಕತ್ತಿ,” ಎಂದಳು. “ನಾ ಏನ ಈ ಮಾತ ತಿಳೀಲಾರದ ಊರಾಗ ಹುಟ್ಟೇನೇನ? ಯಾವ ಹೆಚ್ಚ ಅಂತ ಕೇಳಲಿಲ್ಲ. ಕೇಳಿದ್ರ ಬರಬೇಕಾಗತಿತ್ತಲ್ಲ. ಅದಕ್ಕ ಕೇಳಲಿಲ್ಲ.”

ಟೆಂಪೊದವನು ಹಾರನ್ ಬಾರಿಸಿದ. ಅವಳು ಎದ್ದಳು. “ಪೂರಾ ಬರಾಕ ಆಗೂದಿಲ್ಲ ಬೇ. ಮಗಳ ನೌಕರಿ ಐತಿ, ಮೊಮ್ಮಗಳ ಸಾಲಿ ಐತಿ. ತಿಂಗಳಿಗೊಮ್ಮೆ ಬರತೇನಿ. ಜಮಖಂಡಿ ಬಸ್‌ಸ್ಟ್ಯಾಂಡಿಗೆ ನೀ ಬರಬೇಕ, ಕಾರ ತಗೊಂಡ.”

“ಎರಡ ಸಲ,” ಎಂದೆ, ಹುಟ್ಟುಗುಣ.

“ಒಂದ. ನಿನ್ನ ಅಂಗಡ್ಯಾಗ ನೀ ಅಂತಿದ್ದಿಯಲ್ಲ, ಒಂದ ಮಾತ, ಒಂದ ರೇಟ.”

ಒಪ್ಪಿಕೊಂಡೆ. ಅವಳು ಹೇಳಿದ ದರಕ್ಕೇ ಒಪ್ಪಿ, ಪೊಟ್ಟಣವನ್ನು ಕೈಗಿಟ್ಟು, ಟೆಂಪೊ ತಿರುವಿನಲ್ಲಿ ಮರೆಯಾಗುವ ತನಕ ನಿಂತು, ಅದೇ ಬಸ್ಸಿನಲ್ಲಿ ವಾಪಸು ಬಂದೆ.

ಈಗ ತಿಂಗಳಿಗೊಮ್ಮೆ ಜಮಖಂಡಿಗೆ ಹೋಗುತ್ತೇನೆ. ಚನ್ನವ್ವ ಎಡಗಡೆ ಕೂತು ಸೀಟಿನ ಪಟ್ಟಿಗೆ ಬೈಯುತ್ತಾಳೆ. ಒಂದು ರಾತ್ರಿ ಇದ್ದು ಹೋಗುತ್ತಾಳೆ. ಉಳಿದ ದಿನಗಳ ಮೌನ ಹಾಗೆಯೇ ಇದೆ, ಅದಕ್ಕೆ ಸುಳ್ಳು ಹೇಳಲಾರೆ. ಆದರೆ ಬರುವ ದಿನ ಗೊತ್ತಿರುವ ಮೌನಕ್ಕೂ ಬರುವವರೇ ಇಲ್ಲದ ಮೌನಕ್ಕೂ, ಇಳಿದ ಬ್ಯಾಟರಿಗೂ ಸುಟ್ಟ ಬ್ಯಾಟರಿಗೂ ಇರುವಷ್ಟು ಅಂತರವಿದೆ. ನಡುವೆ ವಾರಕ್ಕೊಂದು ಸಲ ನಾನೊಬ್ಬಳೇ ಮುಧೋಳದ ತನಕ ಹೋಗಿ ಬರುತ್ತೇನೆ. ಸೀರೆ ಹೋದರೆ ಹೋಯಿತು, ಕಾರಾದರೂ ಜೀವ ಹಿಡಿದಿರಲಿ ಎಂದು.

ಗಾದಿಯ ಮೇಲಿನ ಆ ಸುಟ್ಟ ಪೆಟ್ಟಿಗೆಯನ್ನು ನೋಡುತ್ತ ಒಂದೊಂದು ಸಲ ಅನ್ನಿಸುತ್ತದೆ: ಬಳೆ ಹೆಚ್ಚಿದ ಆ ಮೊದಲ ದಿನಗಳಲ್ಲಿ ನೆಂಟರ ಲಾರಿಗೆ ಲಾರಿಯೇ ಬಂದು ನನ್ನ ಮೇಲೆ ಅಳು ಸುರಿದು, ದಿನಕರ್ಮ ಮುಗಿದ ಮರುದಿನ ಹೊರಟುಹೋಗಿತ್ತು. ಬರಿದಾದವರಿಗೆ ಅಷ್ಟು ದೊಡ್ಡದು ತಡೆಯುವುದಿಲ್ಲ. ತನ್ನ ಅಳತೆಯದೇ ಒಂದು ಜೀವ ಪಕ್ಕದಲ್ಲಿ ಬಂದು ನಿಂತು ಹತ್ತು ನಿಮಿಷ ಸುಮ್ಮನೆ ಓಡುತ್ತಿದ್ದರೆ ಸಾಕು. ಚನ್ನವ್ವ ಹನ್ನೆರಡು ವೋಲ್ಟಿನವಳು.

ಆದ್ದರಿಂದ, ಗೆಳೆಯರೇ, ದುಡ್ಡು ಕೊಟ್ಟು ಕಲಿತದ್ದನ್ನು ನಿಮಗೆ ಪುಕ್ಕಟೆ ಕೊಡುತ್ತಿದ್ದೇನೆ, ಚೌಕಾಸಿ ಮಾಡದೆ ತೆಗೆದುಕೊಳ್ಳಿ. ಕಾರು ಏಳದಿದ್ದರೆ ನಿಮ್ಮದರಷ್ಟೇ ವೋಲ್ಟಿನ ಕಾರನ್ನು ಕರೆಸಿ. ದೊಡ್ಡ ಲಾರಿ ಎಷ್ಟೇ ಹತ್ತಿರ ನಿಂತಿದ್ದರೂ ಅದರ ಕಡೆ ನೋಡಬೇಡಿ. ಬ್ಯಾಟರಿ ಉಬ್ಬಿದ್ದರೆ, ಒಡೆದಿದ್ದರೆ, ಸೋರುತ್ತಿದ್ದರೆ ವಾಯರೇ ಹಚ್ಚಬೇಡಿ. ಎರಡೂ ಕಾರಿನ ಮೈ ತಾಗದಂತೆ ನಿಲ್ಲಿಸಿ, ಎರಡರ ಎಂಜಿನ್ನೂ ಬಂದ್ ಮಾಡಿ, ಲೈಟು, ಫ್ಯಾನು, ರೇಡಿಯೋ, ಫೋನಿಗೆ ಹಚ್ಚಿದ ಚಾರ್ಜರು ಎಲ್ಲವನ್ನೂ ತೆಗೆದುಬಿಡಿ. ಕೆಂಪು ಕ್ಲಿಪ್ಪು ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಜೀವಂತ ಬ್ಯಾಟರಿಯ ಪ್ಲಸ್ಸಿಗೆ. ಆಮೇಲೆ ಕರಿಯದು ಜೀವಂತದ ಮೈನಸ್ಸಿಗೆ, ಕೊನೆಯ ಕರಿ ಕ್ಲಿಪ್ಪನ್ನು ಸತ್ತ ಬ್ಯಾಟರಿಗೆ ಹಾಕದೆ, ಅದರಿಂದ ದೂರ, ಎಂಜಿನ್ನಿನ ಬಣ್ಣವಿಲ್ಲದ ಗಟ್ಟಿ ಕಬ್ಬಿಣಕ್ಕೆ ಕಚ್ಚಿಸಿ. ಬ್ಯಾಟರಿಯಿಂದ ಗ್ಯಾಸು ಏಳುತ್ತದೆ, ಕಿಡಿ ಅದರ ಹತ್ತಿರ ಹಾರಬಾರದು. ಈರಣ್ಣ ಇದನ್ನು ‘ಅರ್ಥ್ ಕೊಡೂದು’ ಎನ್ನುತ್ತಾನೆ. ನಮ್ಮಂಥ ವ್ಯಾಪಾರಿಗಳಿಗೆ ಅರ್ಥವೆಂದರೆ ರೊಕ್ಕ, ಓದಿದವರಿಗೆ ಮಾತಿನ ತಿರುಳು, ಅವನಿಗೆ ನೆಲ. ಮೂರನ್ನೂ ನೋಡಿಕೊಂಡೇ ಕ್ಲಿಪ್ಪು ಹಾಕಿ. ನಿಮ್ಮ ಕಾರಿನೊಂದಿಗೆ ಬಂದ ಪುಸ್ತಕದಲ್ಲಿ ಬೇರೆ ಜಾಗ ತೋರಿಸಿದ್ದರೆ ಪುಸ್ತಕದ್ದೇ ಖರೆ.

ಜೀವಂತ ಕಾರನ್ನು ಚಾಲೂ ಮಾಡಿ ಐದಾರು ನಿಮಿಷ ಸುಮ್ಮನೆ ಬಿಟ್ಟು, ಆಮೇಲೆ ನಿಮ್ಮದರ ಕೀಲಿ ತಿರುಗಿಸಿ. ಎದ್ದ ಮೇಲೆ ಒಳಗಿನ ಫ್ಯಾನು ಹಚ್ಚಿ, ಲೈಟು ಬೇಡ. ಏಕಾಏಕಿ ಏರುವ ಕರೆಂಟನ್ನು ಫ್ಯಾನು ತಿಂದುಕೊಳ್ಳುತ್ತದೆ. ಹಾಕಿದ್ದಕ್ಕೆ ತಿರುಗಾಮುರುಗಾ ಒಂದೊಂದೇ ಕ್ಲಿಪ್ಪು ತೆಗೆಯಿರಿ, ಕೆಂಪು ಕರಿ ಒಂದಕ್ಕೊಂದು ಮುಟ್ಟದಂತೆ. ಎಂಜಿನ್ನು ಓಡುವಾಗ ಬ್ಯಾಟರಿಯ ವಾಯರು ಕಿತ್ತು ಪರೀಕ್ಷೆ ಮಾಡುವ ಜಾಣರು ಊರೂರಿಗಿದ್ದಾರೆ, ಅವರಿಗೆ ಚಹಾ ಕುಡಿಸಿ ದೂರ ಕೂಡಿಸಿ. ಆಮೇಲೆ ಅರ್ಧ ತಾಸಾದರೂ ಕಾರು ಓಡಿಸಿ, ಸಾಧ್ಯವಾದರೆ ಯಾರಾದರೂ ಕಾಯುತ್ತಿರುವ ಕಡೆಗೆ.

ಇಷ್ಟಕ್ಕೂ ಮೊದಲಿನದೊಂದಿದೆ. ಸಹಾಯಕ್ಕೆಂದು ಫೋನು ಹಚ್ಚಿದಾಗ ಅಶುಭವೆಂದು ಅಂಜಬೇಡಿ. ಅಕ್ಕಿ ಹೆಚ್ಚಲಿ, ದೀಪ ಹೆಚ್ಚಲಿ, ಅವು ಹಿರಿಯರ ಮಾತು, ಇರಲಿ. ಬ್ಯಾಟರಿ ಮಾತ್ರ ಹೆಚ್ಚಿತು ಎನ್ನಬೇಡಿ. ಇಳಿದಿದೆ, ಬಾ, ಎನ್ನಿ.